ಹೊಸ ತುತ್ತಿಗೆ ಮಗು ಬಾಯಿ ತೆರೆಯದಿದ್ದಾಗ

"ಬಿಳಿ ಅನ್ನ, ಮೊಸರು, ಬಿಸ್ಕತ್ತು. ಇಷ್ಟು ಬಿಟ್ಟರೆ ನನ್ನ ಮಗು ಬೇರೇನನ್ನೂ ಮುಟ್ಟುವುದಿಲ್ಲ." ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ ಯಾವ ಮನೆಗೆ ಹೋದರೂ ಒಬ್ಬ ತಾಯಿಯಾದರೂ ಈ ಮಾತು ಹೇಳುತ್ತಾಳೆ. ಹೇಳುವಾಗ ಅವಳ ದನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಅಪರಾಧಿಭಾವ ಇರುತ್ತದೆ. ಏಕೆಂದರೆ ಮಗು ಸಣಕಲಾಗಿದ್ದರೆ ಮನೆಮಂದಿಯ ಕಣ್ಣು ಮೊದಲು ಹೋಗುವುದು ತಾಯಿಯ ಕಡೆಗೆ. "ನಿನಗೆ ತಿನ್ನಿಸಲು ಬರುವುದಿಲ್ಲ" ಎಂದು ಒಬ್ಬರು, "ಅತಿ ಮುದ್ದು ಮಾಡಿ ಕೆಡಿಸಿದ್ದೀಯ" ಎಂದು ಇನ್ನೊಬ್ಬರು, "ನಜರ್ ತಾಗಿದೆ" ಎಂದು ಮತ್ತೊಬ್ಬರು. ಮೂರು ಮಾತುಗಳಲ್ಲಿ ಒಂದೂ ಮಗುವಿನ ಹೊಟ್ಟೆ ತುಂಬಿಸುವುದಿಲ್ಲ.

ಪ್ರಿಯ ಸಹೋದರಿಯರೇ, ಈ ತಿಂಗಳು ಇದೇ ವಿಷಯ ಮಾತನಾಡೋಣ. ಊಟ ನಿರಾಕರಿಸುವ ಮಗು ಹಟಮಾರಿಯೇ? ಅದಕ್ಕೆ ಹೊಸ ಆಹಾರದ ರುಚಿ ಹತ್ತಿಸುವುದು ಹೇಗೆ? ಯಾವ ಹಂತದಲ್ಲಿ ಅದು ಬರಿಯ ಹಟವಲ್ಲ, ವೈದ್ಯರಿಗೆ ತೋರಿಸಲೇಬೇಕಾದ ತೊಂದರೆ ಎಂದು ತಿಳಿಯಬೇಕು?

ಹಟವೋ, ಭಯವೋ?

ಒಂದು ವರ್ಷದವರೆಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ ಮಗು ಎರಡು ವರ್ಷ ತುಂಬುತ್ತಲೇ ತಟ್ಟೆ ದೂಡಲು ತೊಡಗುವುದನ್ನು ನೀವು ಗಮನಿಸಿರಬಹುದು. ಇದಕ್ಕೆ ಕಾರಣಗಳಿವೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಆ ಬಳಿಕ ಬೆಳವಣಿಗೆಯ ವೇಗ ತಗ್ಗುತ್ತದೆ, ಹಸಿವೂ ತಗ್ಗುತ್ತದೆ. ಅದೇ ಹೊತ್ತಿಗೆ ಮಗು ನಡೆಯಲು, ಓಡಲು ಕಲಿತು ಕಂಡದ್ದನ್ನೆಲ್ಲ ಕೈಗೆತ್ತಿಕೊಳ್ಳುತ್ತದೆ. ಪರಿಚಯವಿಲ್ಲದ ವಸ್ತುವನ್ನು ಬಾಯಿಗೆ ಹಾಕಿಕೊಳ್ಳಲು ಹಿಂಜರಿಯುವುದು ಆ ವಯಸ್ಸಿನ ಸಹಜ ಕಾವಲು. ಎರಡರಿಂದ ಆರು ವರ್ಷದವರೆಗೆ ಈ ಹಿಂಜರಿಕೆ ಹೆಚ್ಚು, ಅನಂತರ ನಿಧಾನವಾಗಿ ಕಡಿಮೆಯಾಗುತ್ತದೆ.

ಕೆಲವು ಮಕ್ಕಳಲ್ಲಿ ಇದು ಇನ್ನೂ ಆಳವಾಗಿರುತ್ತದೆ. ಅವರ ನಾಲಿಗೆ, ಮೂಗು, ಬೆರಳ ತುದಿ ನಮಗಿಂತ ಬಹಳ ಸೂಕ್ಷ್ಮ. ನಮಗೆ ಹಿತವೆನಿಸುವ ಒಗ್ಗರಣೆಯ ವಾಸನೆ ಅವರಿಗೆ ತಡೆಯಲಾರದಷ್ಟು ಘಾಟಾಗಿರುತ್ತದೆ. ಬದನೆಕಾಯಿಯ ಲೋಳೆ, ಟೊಮೆಟೊದ ಸಿಪ್ಪೆ, ಮೊಸರಲ್ಲಿ ಸಿಕ್ಕ ಒಂದು ಗಂಟು ಸಾಕು, ವಾಂತಿ ಬಂದಂತಾಗುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಇದು ಸಾಮಾನ್ಯ. ಇಂತಹ ಮಗು ನಿಮ್ಮನ್ನು ಸತಾಯಿಸಲು ಬಾಯಿ ಮುಚ್ಚುತ್ತಿಲ್ಲ. ಅದಕ್ಕೆ ನಿಜವಾಗಿಯೂ ಹೆದರಿಕೆಯಾಗುತ್ತಿದೆ.

ಹದೀಸ್ ಗ್ರಂಥಗಳಲ್ಲಿ ಬರುವ ಒಂದು ಪ್ರಸಂಗ ನಿಮಗೆ ನೆನಪಿರಬಹುದು. ಪ್ರವಾದಿ ಮುಹಮ್ಮದ್ (ಸ)ರ ಮುಂದೆ ಒಮ್ಮೆ ಮರುಭೂಮಿಯ ಉಡದ ಮಾಂಸವನ್ನು ಬಡಿಸಲಾಯಿತು. ಅವರು ಕೈ ಹಿಂದೆಗೆದರು. ಅದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್ (ರ) ಕೇಳಿದಾಗ, ಅಲ್ಲ, ತಮ್ಮ ಜನರ ನಾಡಿನಲ್ಲಿ ಅದಿರಲಿಲ್ಲ, ಹಾಗಾಗಿ ತಮಗೆ ಒಗ್ಗುವುದಿಲ್ಲ ಎಂದರು. ಖಾಲಿದ್ ಅದನ್ನು ಅಲ್ಲೇ ತಿಂದರು. ಒಬ್ಬರು ತಿಂದರು, ಒಬ್ಬರು ಬಿಟ್ಟರು, ಯಾರೂ ಯಾರನ್ನೂ ದೂರಲಿಲ್ಲ. ರೂಢಿಯಿಲ್ಲದ ಆಹಾರಕ್ಕೆ ದೊಡ್ಡವರ ಮನಸ್ಸೇ ಒಗ್ಗದಿರುವಾಗ ಮೂರು ವರ್ಷದ ಮಗುವಿನ ಮೇಲೆ ನಾವೇಕೆ ಸಿಟ್ಟಾಗಬೇಕು?

ಬಲವಂತದಿಂದ ಆಗುವುದೇನು?

ಮೂಗು ಹಿಡಿದು ತುರುಕುವುದು, ಬೆತ್ತ ತೋರಿಸುವುದು, "ಪೊಲೀಸರನ್ನು ಕರೆಯುತ್ತೇನೆ" ಎನ್ನುವುದು, ಬಾಯಲ್ಲಿ ತುತ್ತಿಟ್ಟು ನೀರು ಕುಡಿಸಿ ನುಂಗಿಸುವುದು. ಇವೆಲ್ಲ ಪ್ರೀತಿಯಿಂದಲೇ ನಡೆಯುತ್ತವೆ. ಆದರೆ ಫಲ ಮಾತ್ರ ತಿರುಗುಮುರುಗು. ಹೆದರಿದ ದೇಹದಲ್ಲಿ ಹಸಿವು ಸಾಯುತ್ತದೆ. ಅಳುತ್ತಿರುವ ಮಗುವಿನ ಬಾಯಿಗೆ ಆಹಾರ ತುರುಕಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ.

2006ರಲ್ಲಿ ಅಮೆರಿಕದ ಸಂಶೋಧಕರು ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು ನೋಡಿದ್ದರು. ಒಂದನ್ನು ಕೊಡುವಾಗ "ಸೂಪ್ ಮುಗಿಸು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು, ಇನ್ನೊಂದಕ್ಕೆ ಏನೂ ಹೇಳುತ್ತಿರಲಿಲ್ಲ. ಒತ್ತಾಯವಿಲ್ಲದಾಗಲೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯಿಸಿದಾಗ ಆ ಸೂಪಿನ ಬಗ್ಗೆ ದೂರು ಹೇಳಿದ್ದೇ ಹೆಚ್ಚು.

ಲಂಚವೂ ಬಲವಂತದ ಇನ್ನೊಂದು ರೂಪವೇ. "ಸೊಪ್ಪು ತಿಂದರೆ ಚಾಕಲೇಟ್ ಕೊಡುತ್ತೇನೆ" ಎಂದಾಗ ಮಗು ಕಲಿಯುವ ಪಾಠವೇನು? ಸೊಪ್ಪು ಕಷ್ಟದ ಕೆಲಸ, ಚಾಕಲೇಟ್ ಅದರ ಕೂಲಿ! ಸೊಪ್ಪಿನ ಮೇಲಿನ ಪ್ರೀತಿ ಇನ್ನಷ್ಟು ಕಡಿಮೆಯಾಗುತ್ತದೆ. ಮೊಬೈಲ್ ತೋರಿಸಿ ತಿನ್ನಿಸಿದರೂ ಅಷ್ಟೆ. ತುತ್ತು ಒಳಗೆ ಹೋಗುತ್ತದೆ ನಿಜ, ಆದರೆ ಏನು ತಿಂದೆ, ಹೊಟ್ಟೆ ತುಂಬಿತೇ ಎಂಬುದು ಮಗುವಿಗೆ ಗೊತ್ತೇ ಆಗುವುದಿಲ್ಲ. ನಾಳೆ ಮೊಬೈಲ್ ಇಲ್ಲದೆ ಬಾಯಿಯೂ ತೆರೆಯುವುದಿಲ್ಲ.

ತಾಯಿಯ ಕೆಲಸ ಯಾವುದು, ಮಗುವಿನ ಕೆಲಸ ಯಾವುದು?

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಒಂದು ಸರಳ ಪಾಲುಗಾರಿಕೆಯನ್ನು ಸೂಚಿಸಿದ್ದಾರೆ. ಏನು ಬಡಿಸಬೇಕು, ಯಾವ ಹೊತ್ತಿಗೆ, ಎಲ್ಲಿ ಕೂತು ತಿನ್ನಬೇಕು ಎಂಬುದನ್ನು ನಿರ್ಧರಿಸುವವರು ಹೆತ್ತವರು. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದನ್ನು ನಿರ್ಧರಿಸುವುದು ಮಗು. ಜಗತ್ತಿನಾದ್ಯಂತ ಮಕ್ಕಳ ಆಹಾರತಜ್ಞರು ಇಂದು ಈ ಮಾತನ್ನು ಒಪ್ಪುತ್ತಾರೆ. ನಮ್ಮ ಮನೆಗಳಲ್ಲಿ ಇದು ಅನೇಕ ಸಲ ಅದಲು ಬದಲಾಗಿದೆ. ಏನು ಬೇಕೆಂದು ಮಗು ಆಜ್ಞೆ ಮಾಡುತ್ತದೆ, ಎಷ್ಟು ತಿನ್ನಬೇಕೆಂದು ನಾವು ಹಟ ಹಿಡಿಯುತ್ತೇವೆ.

ಇದನ್ನು ಸರಿಪಡಿಸಲು ಮೊದಲು ಹೊತ್ತು ಗೊತ್ತುಮಾಡಿ. ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಒಂದಕ್ಕೂ ಇನ್ನೊಂದಕ್ಕೂ ಎರಡೂವರೆ-ಮೂರು ಗಂಟೆಯ ಅಂತರ. ಆ ಅಂತರದಲ್ಲಿ ನೀರು ಮಾತ್ರ. ಬೀದಿಯ ಅಂಗಡಿಯ ಐದು ರೂಪಾಯಿಯ ಪೊಟ್ಟಣ ಕೈಗೆ ಬಂದ ದಿನ ಮಧ್ಯಾಹ್ನದ ಊಟ ಹಾಳಾಯಿತೆಂದೇ ತಿಳಿಯಿರಿ. ಹಾಲಿನ ವಿಷಯದಲ್ಲೂ ಎಚ್ಚರ ಬೇಕು. "ಊಟ ಮಾಡದಿದ್ದರೇನು, ಹಾಲಾದರೂ ಕುಡಿಯಲಿ" ಎಂದು ನಾಲ್ಕೈದು ಲೋಟ ಕುಡಿಸಿದರೆ ಹೊಟ್ಟೆ ಹಾಲಿನಲ್ಲೇ ತುಂಬುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿನೊಳಗೆ ಸಾಕು. ಚಹಾ ಬೇಡವೇ ಬೇಡ. ಅದು ಹಸಿವನ್ನೂ ಕೊಲ್ಲುತ್ತದೆ, ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆಯೂ ಮಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಯಿಂದ ಹಸಿವು ಮಂದವಾಗುತ್ತದೆ, ಹಸಿವು ಮಂದವಾದರೆ ರಕ್ತಹೀನತೆ ಹೆಚ್ಚುತ್ತದೆ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು.

ಎರಡನೆಯದು, ಒಟ್ಟಿಗೆ ಕೂರುವುದು. ಮಗುವನ್ನು ಅಂಗಳದಲ್ಲಿ ಓಡಾಡಿಸಿಕೊಂಡು ತಟ್ಟೆ ಹಿಡಿದು ಹಿಂಬಾಲಿಸುವ ಬದಲು ದಸ್ತರ್‌ಖಾನ್ ಹಾಸಿ ಎಲ್ಲರ ಜೊತೆ ಕೂರಿಸಿ. ಬಿಸ್ಮಿಲ್ಲಾಹ್ ಹೇಳಿಕೊಟ್ಟು ಅದರ ಕೈಯಿಂದಲೇ ತಿನ್ನಲು ಬಿಡಿ. ಅಬ್ಬಾ ನುಗ್ಗೆಕಾಯಿ ಚೀಪುವುದನ್ನು, ಅಕ್ಕ ಸೌತೆಕಾಯಿ ಕಚ್ಚುವುದನ್ನು ನೋಡುವುದೇ ಅರ್ಧ ಪಾಠ. ಇಪ್ಪತ್ತರಿಂದ ಮೂವತ್ತು ನಿಮಿಷವಾದ ಮೇಲೆ ತಟ್ಟೆ ಎತ್ತಿ. ಬೈಗುಳ ಬೇಡ, ಬೇಡಿಕೆಯೂ ಬೇಡ. ಮುಂದಿನ ಹೊತ್ತು ಬಂದೇ ಬರುತ್ತದೆ.

ಬಡಿಸುವ ಪ್ರಮಾಣವೂ ಮುಖ್ಯ. ಮಗುವಿನ ವಯಸ್ಸು ಎಷ್ಟು ವರ್ಷವೋ ಪ್ರತಿ ಪದಾರ್ಥ ಅಷ್ಟು ದೊಡ್ಡ ಚಮಚ ಎಂಬುದು ಒಂದು ಅಂದಾಜು. ಹೊಸ ಪದಾರ್ಥವಾದರೆ ಕಡಲೆಕಾಳಿನಷ್ಟು ಸಾಕು. ತಟ್ಟೆಯಲ್ಲಿ ಮಗುವಿಗೆ ಪರಿಚಯವಿರುವ ಒಂದು ಆಹಾರವಾದರೂ ಯಾವಾಗಲೂ ಇರಲಿ. ಇಲ್ಲವಾದರೆ ಕೂರುವ ಮುನ್ನವೇ ಅದು ಎದ್ದು ಹೋಗುತ್ತದೆ.

ಹತ್ತು ಸಲ, ಹದಿನೈದು ಸಲ

ಎರಡು ಸಲ ಕೊಟ್ಟು ಮಗು ಉಗಿದರೆ "ಇವನಿಗೆ ಇದು ಆಗದು" ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಆಹಾರಗಳನ್ನು ಕೆಲವನ್ನು ಎರಡು ಸಲ, ಕೆಲವನ್ನು ಐದು, ಹತ್ತು, ಹದಿನೈದು, ಇಪ್ಪತ್ತು ಸಲ ರುಚಿ ನೋಡಿಸಿದ್ದರು. ಹೆಚ್ಚು ಸಲ ಕಂಡದ್ದನ್ನೇ ಮಕ್ಕಳು ಹೆಚ್ಚು ಇಷ್ಟಪಟ್ಟರು. ಆಮೇಲಿನ ಅನೇಕ ಅಧ್ಯಯನಗಳೂ ಸುಮಾರು ಹತ್ತರಿಂದ ಹದಿನೈದು ಸಲದ ಮಾತನ್ನೇ ಹೇಳುತ್ತವೆ. ಸೂಕ್ಷ್ಮ ಸ್ವಭಾವದ ಮಗುವಿಗೆ ಇನ್ನೂ ಹೆಚ್ಚು ಸಲ ಬೇಕಾಗಬಹುದು.

ಆದರೆ ಪ್ರತಿ ಸಲವೂ ತಿನ್ನಲೇಬೇಕೆಂದಿಲ್ಲ. ತಿನ್ನುವುದು ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ಹಲವು ಮೆಟ್ಟಿಲುಗಳಿವೆ: ಅದೇ ದಸ್ತರ್‌ಖಾನಿನ ಮೇಲೆ ಅದು ಇರುವುದನ್ನು ಸಹಿಸುವುದು, ತನ್ನ ತಟ್ಟೆಯ ಅಂಚಿನಲ್ಲಿ ಇರಲು ಬಿಡುವುದು, ಮೂಸುವುದು, ಬೆರಳಿಂದ ಮುಟ್ಟುವುದು, ತುಟಿಗೆ ತಾಗಿಸುವುದು, ನೆಕ್ಕುವುದು, ಕಚ್ಚಿ ಉಗಿಯುವುದು, ಆಮೇಲೆ ನುಂಗುವುದು. ಪಕ್ಕದಲ್ಲೊಂದು ಖಾಲಿ ಬಟ್ಟಲಿಡಿ. "ಇಷ್ಟವಾಗದಿದ್ದರೆ ಇದರಲ್ಲಿ ಉಗಿ" ಎಂದು ಹೇಳಿ. ಉಗಿಯಲು ಅನುಮತಿಯಿರುವ ಮಗು ಬಾಯಿಗೆ ಹಾಕಿಕೊಳ್ಳಲು ಹೆದರುವುದಿಲ್ಲ. ಈ ವಾರ ಕ್ಯಾರೆಟನ್ನು ಕೈಯಲ್ಲಿ ಹಿಡಿದರೆ ಅದೂ ಪ್ರಗತಿಯೇ. ದಾದಿ, ನಾನಿಯರಿಗೂ ಇದನ್ನು ಮೊದಲೇ ತಿಳಿಸಿಡಿ. ಇಲ್ಲವಾದರೆ ನೀವು ಸುಮ್ಮನಿದ್ದರೂ ಪಕ್ಕದಿಂದ ಒತ್ತಾಯ ಬರುತ್ತದೆ.

ಅಡುಗೆಮನೆಯ ಹೊರಗೂ ಈ ಪರಿಚಯ ನಡೆಯಲಿ. ಸಂತೆಗೆ ಹೋಗುವಾಗ ಮಗುವನ್ನು ಕರೆದೊಯ್ದು ಒಂದು ತರಕಾರಿಯನ್ನು ಅದೇ ಆರಿಸಲಿ. ಅವರೆಕಾಯಿಯ ಕಾಲದಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ, ಕಾಯಿ ಸುಲಿಯಲು ಕೂರಿಸಿ. ನೆನೆಸಿದ ಕಾಳನ್ನು ಹಿತುಕಿದಾಗ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುವುದು ಮಕ್ಕಳಿಗೆ ಆಟ. ನಾಲ್ಕು ದಿನ ಹಿತುಕಿದ ಕೈ ಐದನೆಯ ದಿನ ಒಂದು ಕಾಳನ್ನು ಬಾಯಿಗೂ ಹಾಕಿಕೊಳ್ಳಬಹುದು. ಶ್ರೀರಂಗಪಟ್ಟಣದ ಕಡೆಯವರಾದರೆ ಗಂಜಾಂನ ಅಂಜೂರದ ಕಾಲದಲ್ಲಿ ಒಂದು ಹಣ್ಣನ್ನು ಸೀಳಿ ಒಳಗಿನ ಬಣ್ಣ ತೋರಿಸಿ. ತಿನ್ನೆಂದು ಹೇಳಬೇಡಿ, ತೋರಿಸಿ ಸಾಕು.

ತಿನ್ನುವುದರಿಂದ ತಿನ್ನದಿರುವುದಕ್ಕೆ ಸೇತುವೆ

ಮಗು ಏನನ್ನು ತಿನ್ನುತ್ತದೋ ಅಲ್ಲಿಂದಲೇ ಆರಂಭಿಸಬೇಕು. ರುಚಿ, ಬಣ್ಣ, ಗರಿಗರಿ, ಮೆದು ಇವುಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ಬದಲಿಸಿ ಮುಂದಿನದಕ್ಕೆ ಸರಿಯಬೇಕು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಸೇತುವೆ ಮುರಿಯಿತು.

ಬಿಳಿ ಅನ್ನ ಮಾತ್ರ ತಿನ್ನುವ ಮಗುವಿಗೆ ಮೊದಲು ತುಪ್ಪ-ಉಪ್ಪು ಕಲಸಿದ ಅನ್ನ. ಅನಂತರ ಒಂದು ಚಮಚ ಬೇಳೆ ಬೆರೆತ ತೆಳು ಹಳದಿಯ ಖಿಚಡಿ. ಒಗ್ಗಿದ ಮೇಲೆ ಬೇಳೆ ಹೆಚ್ಚಿಸಿ. ಆಮೇಲೆ ಅದರಲ್ಲಿ ಕಣ್ಣಿಗೆ ಕಾಣುವಂತೆ ನಾಲ್ಕು ಚೂರು ಸಿಹಿಗುಂಬಳ. ಖಿಚಡಿಯ ಜೊತೆ ಎಳ್ಳಿನ ಖಟ್ಟಾ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಒಂದು ಬೆರಳು ನೆಕ್ಕಿದರೆ ಹುಳಿಯ ಪರಿಚಯವೂ ಆಯಿತು.

ಬಿಸ್ಕತ್ತು, ಚಿಪ್ಸ್ ಎಂದು ಗರಿಗರಿಯನ್ನೇ ಕೇಳುವ ಮಗುವಿಗೆ ತೆಳುವಾಗಿ ತಟ್ಟಿ ಗರಿಗರಿಯಾಗಿ ಬೇಯಿಸಿದ ರಾಗಿ ರೊಟ್ಟಿಯ ಚೂರು, ಮನೆಯಲ್ಲೇ ಕರಿದ ಗೆಣಸಿನ ಹೋಳು. ಆಮೇಲೆ ಅದೇ ಗೆಣಸನ್ನು ಹೆಂಚಿನ ಮೇಲೆ ಹುರಿದು, ಕೊನೆಗೆ ಬೇಯಿಸಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಹಾಲು ಒಲ್ಲದ ಮಗುವಿಗೆ ಇದಕ್ಕಿಂತ ಅಗ್ಗದ ದಾರಿ ನಮ್ಮ ಜಿಲ್ಲೆಯಲ್ಲಿಲ್ಲ.

ಸೊಪ್ಪನ್ನು ದೂರವಿಡುವ, ಆದರೆ ಕೈಮಾ ಇಷ್ಟಪಡುವ ಮಗುವಿಗೆ ಸಬ್ಬಸಿಗೆ ಕೈಮಾ, ಮೆಂತ್ಯ ಕೈಮಾ. ಮೊದಲು ಚಿಟಿಕೆ ಸೊಪ್ಪು, ವಾರ ಕಳೆದಂತೆ ಹೆಚ್ಚು. ಮಾಂಸದ ತುಂಡನ್ನು ಬಾಯಲ್ಲೇ ಇಟ್ಟುಕೊಂಡು ಕೂರುವ ಮಗುವಿಗೆ ಅಗಿಯಲು ಕಷ್ಟವಾಗುತ್ತಿರಬಹುದು. ಅದಕ್ಕೆ ಶಾಮಿ ಕಬಾಬ್ ಸುಲಭ. ದಾಲ್ಚಾದಲ್ಲಿ ಬೆಂದ ಸೋರೆಕಾಯಿ ಬೆಣ್ಣೆಯಂತೆ ಮೆದು. ಬೇಳೆಯ ರುಚಿ ಮೊದಲೇ ಒಗ್ಗಿದ್ದರೆ ಸೋರೆಕಾಯಿ ತಾನಾಗಿ ಒಳಗೆ ಬರುತ್ತದೆ.

ಒಂದು ಮಾತು ನೆನಪಿಡಿ. ಹೊಸದನ್ನು ಅಡಗಿಸಿ, ಸುಳ್ಳು ಹೇಳಿ ತಿನ್ನಿಸಬೇಡಿ. "ಇದರಲ್ಲಿ ಏನೂ ಹಾಕಿಲ್ಲ" ಎಂದು ಹೇಳಿದ ಖಿಚಡಿಯಲ್ಲಿ ಮಗುವಿಗೆ ಸೊಪ್ಪು ಸಿಕ್ಕಿಬಿದ್ದರೆ ಅದು ಖಿಚಡಿಯನ್ನೂ ಬಿಡುತ್ತದೆ, ನಿಮ್ಮ ಮಾತನ್ನೂ ನಂಬುವುದಿಲ್ಲ. ತಿನ್ನುತ್ತಿದ್ದ ನಾಲ್ಕು ಪದಾರ್ಥ ಮೂರಕ್ಕಿಳಿದರೆ ನಷ್ಟ ನಮಗೇ.

ಅಗಿಯಲು ಕಲಿಸುವುದು

ಮಂಡ್ಯ ಜಿಲ್ಲೆಯವರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ಇಲ್ಲಿನ ರೂಢಿ. ರಾಗಿ ಸರಿ, ಮೊಸರನ್ನ, ಮುದ್ದೆ ಎಂದು ಮೆದು ಆಹಾರದಲ್ಲೇ ಎರಡು-ಮೂರು ವರ್ಷ ಕಳೆದರೆ ಮಗು ನುಂಗಲು ಚೆನ್ನಾಗಿ ಕಲಿಯುತ್ತದೆ, ಅಗಿಯಲು ಕಲಿತಿರುವುದಿಲ್ಲ. ಆಮೇಲೆ ಚಪಾತಿ, ಮಾಂಸ, ಸೌತೆಕಾಯಿ ಕೊಟ್ಟರೆ ಓಕರಿಸುತ್ತದೆ. ನಾವು ಅದನ್ನು ಹಟ ಎನ್ನುತ್ತೇವೆ.

ಆರು ತಿಂಗಳು ತುಂಬಿದ ಕೂಡಲೇ ಎದೆಹಾಲಿನ ಜೊತೆ ಮೆದು ಆಹಾರ ಆರಂಭಿಸಬೇಕು. ಎಂಟು-ಒಂಬತ್ತು ತಿಂಗಳ ಹೊತ್ತಿಗೆ ಮಿಕ್ಸಿಯಲ್ಲಿ ರುಬ್ಬುವುದನ್ನು ಬಿಟ್ಟು ಕೈಯಿಂದ ಕಿವುಚಿದ ತರಿತರಿ ಆಹಾರ ಕೊಡಬೇಕು. ಬ್ರಿಟನ್ನಿನಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳ ನಂತರ ತರಿ ಆಹಾರ ಕಂಡ ಮಕ್ಕಳಲ್ಲಿ ಏಳನೆಯ ವಯಸ್ಸಿನಲ್ಲೂ ಊಟದ ತಕರಾರು ಹೆಚ್ಚಿತ್ತು. ವರ್ಷ ತುಂಬುವಷ್ಟರಲ್ಲಿ ಮೆದುವಾಗಿ ಬೇಯಿಸಿದ ಕ್ಯಾರೆಟಿನ ಉದ್ದ ಹೋಳು, ಪರಂಗಿಹಣ್ಣಿನ ತುಂಡು, ಮೊಟ್ಟೆಯ ಚೂರು ಮಗುವಿನ ಕೈಯಲ್ಲೇ ಇರಲಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಕ್ಯಾರೆಟ್ ತುಂಡು, ಮೂಳೆ ಚೂರು ಇರುವ ಮಾಂಸವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತಿನ್ನುವಾಗ ಮಗು ಕೂತಿರಲಿ, ನೀವು ಹತ್ತಿರವಿರಿ.

ಅಂಗನವಾಡಿ ಮತ್ತು ಶಾಲೆಯನ್ನೂ ಬಳಸಿಕೊಳ್ಳಿ. ಮನೆಯಲ್ಲಿ ಮೊಟ್ಟೆ ಮುಟ್ಟದ ಮಗು ಅಲ್ಲಿ ಗೆಳೆಯರ ಸಾಲಿನಲ್ಲಿ ಕೂತು ತಿನ್ನುವುದುಂಟು. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಕುಡಿಯಲು ಕಲಿತದ್ದೂ ಹಲವು ಮಕ್ಕಳು ಹೀಗೆಯೇ. ಅಲ್ಲಿ ಏನು ತಿಂದ ಎಂದು ಟೀಚರನ್ನು ಕೇಳಿ, ಅದನ್ನೇ ಮನೆಯಲ್ಲಿ ಮುಂದುವರಿಸಿ.

ವೈದ್ಯರ ಬಳಿಗೆ ಯಾವಾಗ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಅಗತ್ಯ. ಎಲ್ಲವನ್ನೂ ತಾಳ್ಮೆಯೊಂದರಿಂದಲೇ ಗೆಲ್ಲಲಾಗದು. ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಕಾಯಬೇಡಿ:

ತೂಕ ಇಳಿಯುತ್ತಿದೆ ಅಥವಾ ತಿಂಗಳುಗಟ್ಟಲೆ ಏರಿಲ್ಲ.

ಹಾಲು, ನೀರು, ಊಟದ ವೇಳೆ ಕೆಮ್ಮು ಬರುತ್ತದೆ, ಗಂಟಲು ಗೊರಗೊರ ಎನ್ನುತ್ತದೆ ಅಥವಾ ಮೂಗಿನಿಂದ ಹೊರಬರುತ್ತದೆ. ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ.

ಪ್ರತಿ ಊಟದಲ್ಲೂ ಓಕರಿಕೆ, ವಾಂತಿ, ಅಳು. ಒಂದೊಂದು ಊಟಕ್ಕೂ ಮುಕ್ಕಾಲು ಗಂಟೆಗಿಂತ ಹೆಚ್ಚು.

ತಿನ್ನುವ ಪದಾರ್ಥಗಳು ಹತ್ತಕ್ಕಿಂತ ಕಡಿಮೆ. ಇದ್ದವುಗಳೂ ಒಂದೊಂದಾಗಿ ಕಳಚುತ್ತಿವೆ.

ಮಾತು ತಡವಾಗಿದೆ, ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ.

ಮಲಬದ್ಧತೆ, ಹಲ್ಲುಹುಳುಕು, ಜಂತುಹುಳು, ರಕ್ತಹೀನತೆ ಇವೂ ಹಸಿವನ್ನು ಕೊಲ್ಲುತ್ತವೆ. ಮೊದಲು ನಿಮ್ಮ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ತಾಯಿ ಕಾರ್ಡ್ ಮತ್ತು ಮೂರು ದಿನ ಮಗು ತಿಂದದ್ದರ ಪಟ್ಟಿ ಜೊತೆಗಿರಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಆ ತಂಡ ಬಂದ ದಿನ ನಿಮ್ಮ ಚಿಂತೆಯನ್ನು ಹೇಳಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ನಾಗಮಂಗಲ ಕಡೆಯವರಿಗೆ ಬೆಳ್ಳೂರು ಬಳಿಯ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಅಗಿಯುವ, ನುಂಗುವ ತೊಂದರೆಗೆ, ಅದರ ಜೊತೆಗೆ ಮಾತೂ ತಡವಾಗಿದ್ದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಶ್ರೀರಂಗಪಟ್ಟಣದಿಂದ ಅದು ಒಂದು ಗಂಟೆಯೊಳಗಿನ ದಾರಿ.

ಆಹಾರವನ್ನು ಅತಿಯಾಗಿ ದೂರವಿಡುವುದನ್ನು ಒಂದು ಪ್ರತ್ಯೇಕ ತೊಂದರೆಯೆಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಗೆ ಸೇರಿಸಿತು. ಅಂದರೆ ಇದು ತಾಯಿಯ ಸೋಮಾರಿತನವಲ್ಲ, ಮಗುವಿನ ಕೊಬ್ಬೂ ಅಲ್ಲ. ಹೆಸರಿರುವ, ಚಿಕಿತ್ಸೆಯಿರುವ ತೊಂದರೆ. ನಿಮ್ಮ ಅತ್ತೆಗೂ ನಾದಿನಿಗೂ ಇದನ್ನು ಓದಿ ಹೇಳಿ. ಆ ಮನೆಯಲ್ಲಿ ಮಗುವಿನಷ್ಟೇ ತಾಯಿಗೂ ಒಂದು ಹಿತವಾದ ಊಟ ಬೇಕು.

ಇವತ್ತೇ ಎಲ್ಲವನ್ನೂ ಆರಂಭಿಸಬೇಕಾಗಿಲ್ಲ. ಒಂದೇ ಪದಾರ್ಥ ಆರಿಸಿ. ಹಿತ್ತಲಲ್ಲಿ ನುಗ್ಗೆಮರವಿದ್ದರೆ ಅದೇ ಆಗಲಿ. ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ ಬರೆದು ಪಕ್ಕದಲ್ಲಿ ಗುರುತಿಡಿ: ನೋಡಿತು, ಮುಟ್ಟಿತು, ನೆಕ್ಕಿತು. ಹದಿನೈದು ಸಾಲು ತುಂಬುವವರೆಗೆ ತೀರ್ಪು ಕೊಡಬೇಡಿ.

ಮುಂದಿನ ತಿಂಗಳು ಶಾಲೆಯ ಬುತ್ತಿಯ ಬಗ್ಗೆ ಮಾತನಾಡೋಣ, ಇನ್‌ಶಾ ಅಲ್ಲಾಹ್. ಬೆಳಿಗ್ಗೆ ತುಂಬಿ ಕಳುಹಿಸಿದ ಡಬ್ಬಿ ಸಂಜೆ ಹಾಗೆಯೇ ಮರಳಿ ಬರುವ ಮನೆಗಳು ಬಹಳ ಇವೆ.